ಕೈಬಿಟ್ಟರೆ ನಿಲ್ಲದ ಇಂಡಿಕೇಟರ್

ಎಡಕ್ಕೆ ತಿರುಗಲು ಇಂಡಿಕೇಟರ್ ಹಾಕುತ್ತೀರಿ. ಬೆರಳು ತೆಗೆದದ್ದೇ ತಡ, ಲಿವರ್ ಮಧ್ಯಕ್ಕೆ ವಾಪಸ್! ದೀಪ ಎರಡು ಸಲ ಮಿನುಗಿ ಆರಿಹೋಗುತ್ತದೆ. ತಿರುವು ಮುಗಿಯುವ ತನಕ ಲಿವರನ್ನು ಒಂದು ಬೆರಳಿನಲ್ಲಿ ಒತ್ತಿ ಹಿಡಿದು, ಉಳಿದ ಬೆರಳುಗಳಲ್ಲಿ ಸ್ಟಿಯರಿಂಗ್ ತಿರುಗಿಸುವ ಸರ್ಕಸ್ಸು ಹಳೆಯ ಮಾರುತಿ 800 ಇಟ್ಟುಕೊಂಡಿರುವ ಎಷ್ಟೋ ಮನೆಗಳಿಗೆ ಪರಿಚಿತ. ಕೆಲವು ಕಾರುಗಳದ್ದು ಇದಕ್ಕೆ ತದ್ವಿರುದ್ಧ. ತಿರುವು ದಾಟಿ ಎರಡು ಕಿಲೋಮೀಟರ್ ಬಂದರೂ ಬಲಗಡೆಯ ದೀಪ ಮಿನುಗುತ್ತಲೇ ಇರುತ್ತದೆ. ಹಿಂದಿನ ಸ್ಕೂಟರ್‌ನವನು, ಕಾರು ಬಲಕ್ಕೆ ಹೋಗುತ್ತದೆಂದು ನಂಬಿ ಎಡಗಡೆಯಿಂದ ನುಗ್ಗುತ್ತಾನೆ. ಇಂಡಿಕೇಟರ್ ಇಲ್ಲದ ಕಾರಿಗಿಂತ ಸುಳ್ಳು ಹೇಳುವ ಇಂಡಿಕೇಟರ್ ಇರುವ ಕಾರೇ ಹೆಚ್ಚು ಅಪಾಯಕಾರಿ ಎಂದು ನನ್ನ ಎಣಿಕೆ.

1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತಿತು. ಅಂದರೆ ಕಟ್ಟಕಡೆಯ ಕಾರಿಗೂ ಹತ್ತು ವರ್ಷ ದಾಟಿದೆ. ದಿನಕ್ಕೆ ಬರೀ 20 ಸಲ ಲಿವರ್ ಮುಟ್ಟಿದರೂ ವರ್ಷಕ್ಕೆ 7,300 ಸಲ, 15 ವರ್ಷಕ್ಕೆ ಒಂದು ಲಕ್ಷಕ್ಕೂ ಮಿಕ್ಕಿ. ಪ್ಲಾಸ್ಟಿಕ್ ಸವೆಯದೆ ಇನ್ನೇನಾದೀತು?

ಒಳಗಿರುವುದು ಸರಳ ಯಂತ್ರ. ಲಿವರಿನ ಬುಡದಲ್ಲಿ ಪುಟ್ಟ ಸ್ಪ್ರಿಂಗ್, ಅದರ ತುದಿಯಲ್ಲಿ ಉಕ್ಕಿನ ಗುಂಡು ಅಥವಾ ಪ್ಲಾಸ್ಟಿಕ್ ಮೊನೆ. ಎದುರಿಗೆ ಮೂರು ಗುಳಿಗಳು: ಎಡ, ಮಧ್ಯ, ಬಲ. ಸ್ಪ್ರಿಂಗ್ ಗುಂಡನ್ನು ಗುಳಿಗೆ ಒತ್ತುವುದರಿಂದಲೇ ಲಿವರ್ ಹಾಕಿದಲ್ಲಿ ನಿಲ್ಲುತ್ತದೆ. ಗುಳಿಯ ಅಂಚು ಸವೆದರೆ ಗುಂಡು ಜಾರುತ್ತದೆ, ಅಷ್ಟೇ.

ತಾನಾಗಿ ಮರಳುವ ಉಪಾಯ ಇನ್ನೂ ಸೊಗಸು. ಸ್ಟಿಯರಿಂಗ್ ಜತೆ ತಿರುಗುವ ಬಿಲ್ಲೆಯ ಮೇಲೊಂದು ಉಬ್ಬು; ಸ್ವಿಚ್ಚಿನಲ್ಲೊಂದು ನಾಲಿಗೆ. ಚಕ್ರ ತಿರುವಿನತ್ತ ಹೊರಳುವಾಗ ನಾಲಿಗೆ ಬಾಗಿ ದಾರಿ ಬಿಡುತ್ತದೆ. ಚಕ್ರ ಹಿಂದಕ್ಕೆ ಬರುವಾಗ ಅದೇ ಉಬ್ಬು ನಾಲಿಗೆಗೆ ಸಿಕ್ಕಿಕೊಂಡು ಲಿವರನ್ನು ಮಧ್ಯಕ್ಕೆ ತಳ್ಳುತ್ತದೆ. ಅಮೆರಿಕದ ಬ್ಯೂಯಿಕ್ ಕಾರುಗಳಲ್ಲಿ ಈ ಸೌಕರ್ಯ ಬಂದದ್ದು 1940ರಲ್ಲಿ. ಇಷ್ಟು ವರ್ಷ ಕಳೆದರೂ ಮೂಲ ಉಪಾಯ ಹೆಚ್ಚು ಬದಲಾಗಿಲ್ಲ. ಈ ನಾಲಿಗೆ ಮುರಿದ ಕಾರಿನ ದೀಪವೇ ತಿರುವು ದಾಟಿದ ಮೇಲೂ ಆರದೆ ಮಿನುಗುವುದು.

ಬಿಚ್ಚುವ ಮುನ್ನ ರೋಗ ಯಾವುದೆಂದು ತಿಳಿಯಬೇಕು. ಒಂದು ಬದಿ ಮಾತ್ರ ವಿಪರೀತ ವೇಗವಾಗಿ ಮಿನುಗಿದರೆ ಆ ಬದಿಯ ಬಲ್ಬು ಸುಟ್ಟಿರುವ ಸಂಭವವೇ ಹೆಚ್ಚು. ಹಜಾರ್ಡ್ ಒತ್ತಿದಾಗ ನಾಲ್ಕೂ ದೀಪ ಸರಿಯಾಗಿ ಮಿನುಗಿ, ಲಿವರ್ ಹಾಕಿದಾಗ ಮಾತ್ರ ಕೈಕೊಟ್ಟರೆ ಬಲ್ಬನ್ನು ಬಿಟ್ಟು ಸ್ವಿಚ್ಚನ್ನು ಅನುಮಾನಿಸಿ.

ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಬೇಕು. ಮುಂದಿನ ಗಾಲಿಗಳು ನೇರವಾಗಿರಲಿ. ನಡುವಿನ ಹಾರ್ನ್ ಮುಚ್ಚಳ ತೆಗೆದು, ಸ್ಟಿಯರಿಂಗ್‌ಗೂ ಅದರ ದಂಡಕ್ಕೂ ಸೇರಿಸಿ ಬಣ್ಣದ ಗುರುತು ಹಾಕಿಕೊಳ್ಳಿ. ನಟ್ಟನ್ನು ಪೂರ್ತಿ ತೆಗೆಯದೆ ಎರಡು ಸುತ್ತು ಉಳಿಸಿ. ಇಲ್ಲದಿದ್ದರೆ ಬಿಗಿಯಾಗಿ ಕುಳಿತ ಚಕ್ರ ಒಮ್ಮೆಲೇ ಕಿತ್ತುಬಂದು ಮೂಗಿಗೆ ಬಡಿಯುತ್ತದೆ. ಸುತ್ತಿಗೆಯಿಂದ ಹೊಡೆಯುವುದು ಬೇಡ, ಪುಲ್ಲರ್ ಬಳಸಿ. ಈ ಹಂತದ ಕೆಲಸ ಅಪ್ಪನದೋ ಪರಿಚಿತ ಮೆಕ್ಯಾನಿಕ್‌ನದೋ ಆಗಿರಲಿ, ಮಕ್ಕಳದಲ್ಲ. ಏರ್‌ಬ್ಯಾಗ್ ಇರುವ ಕಾರಾದರೆ ಮನೆಯಲ್ಲಿ ಕೈಹಾಕಲೇಬೇಡಿ.

ಸ್ವಿಚ್ಚು ಮೇಜಿನ ಮೇಲೆ ಬಂದ ಮೇಲೆ ಮಕ್ಕಳ ಸರದಿ. ಅಗಲವಾದ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಬಿಚ್ಚಿ. ಚಂಗನೆ ಹಾರುವ ಸ್ಪ್ರಿಂಗ್ ಮತ್ತು ಗುಂಡು ಚೀಲದಲ್ಲೇ ಉಳಿಯುತ್ತವೆ. ಮಂಚದ ಕೆಳಗೆ ತೆವಳುವುದು ತಪ್ಪುತ್ತದೆ. ಪ್ರತಿ ಭಾಗ ತೆಗೆಯುವ ಮುಂಚೆ ಅದರ ಚಿತ್ರ ಬರೆದುಕೊಳ್ಳಿ. ಫೋನಿನಲ್ಲಿ ಫೋಟೊ ತೆಗೆಯಬಹುದು ನಿಜ, ಆದರೆ ಚಿತ್ರ ಬರೆದವನಿಗೆ ಭಾಗದ ಪರಿಚಯ ಹೆಚ್ಚು.

ಹಳೆಯ ಗ್ರೀಸು ಕಪ್ಪು ಜಿಡ್ಡಾಗಿರುತ್ತದೆ. ಬಟ್ಟೆಯಲ್ಲಿ ಒರೆಸಿ, ತಾಮ್ರದ ಸಂಪರ್ಕಗಳನ್ನು ಸ್ಪಿರಿಟ್‌ನಲ್ಲಿ ತೊಳೆದು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ. ಉಪ್ಪುಕಾಗದ ಬೇಡ, ಮೇಲಿನ ತೆಳು ಲೇಪ ಹೋದರೆ ಮತ್ತೆ ಬೇಗ ಕಪ್ಪಾಗುತ್ತದೆ. ಪೆಟ್ರೋಲ್, ಥಿನ್ನರ್ ಕೂಡ ಬೇಡ, ಕೆಲವು ಪ್ಲಾಸ್ಟಿಕ್ ಅದಕ್ಕೆ ಬಿರಿಯುತ್ತದೆ. ಸ್ಪ್ರಿಂಗ್ ಸೋತಿದ್ದರೆ ಅದೇ ದಪ್ಪದ ಹೊಸದನ್ನು ಹಾಕಿ. ಹಳೆಯದನ್ನು ಎಳೆದು ಉದ್ದ ಮಾಡುವುದು ಕೆಲವು ವಾರಗಳ ಉಪಶಮನ ಅಷ್ಟೇ. ಗುಳಿ ಸವೆದಿದ್ದರೆ ಅಂಟು ತುಂಬಿ ಸರಿಮಾಡಬಹುದೆಂಬ ಆಸೆ ಸಹಜ. ಆದರೆ ಇಂಥ ಭಾಗಗಳಿಗೆ ಬಳಸುವ ನುಣುಪಾದ ನೈಲಾನ್ ಜಾತಿಯ ಪ್ಲಾಸ್ಟಿಕ್ಕಿಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಅಂಚು ಸ್ವಲ್ಪವೇ ಸವೆದಿದ್ದರೆ ಸೂಜಿ ಅರದಿಂದ ಗುಳಿಯನ್ನು ಕೂದಲೆಳೆಯಷ್ಟು ಆಳ ಮಾಡಿದರೆ ಗುಂಡು ನಿಲ್ಲುತ್ತದೆ. ತೀರಾ ಸವೆದಿದ್ದರೆ, ನಾಲಿಗೆ ಮುರಿದಿದ್ದರೆ, ತಂತಿಯ ಪ್ಲಗ್ ಸುಟ್ಟು ಕಂದಾಗಿದ್ದರೆ ಹೊಸ ಸ್ವಿಚ್ಚೇ ಗತಿ. ಕೊಳ್ಳುವಾಗ ಹಳೆಯದನ್ನು ಅಂಗಡಿಗೆ ಒಯ್ದು ಪ್ಲಗ್ಗಿನ ಪಿನ್ನುಗಳನ್ನು ಎಣಿಸಿ ಹೋಲಿಸಿ. ಒಂದೇ ಹೆಸರಿನ ಕಾರಿಗೂ ವರ್ಷಕ್ಕೊಂದು ಬಗೆ ಇರುತ್ತದೆ.

ಜೋಡಿಸುವಾಗ ಗುಂಡಿಗೆ ಸಿಲಿಕೋನ್ ಗ್ರೀಸ್ ಸಾಸಿವೆಯಷ್ಟು ಸಾಕು. ಸ್ಟಿಯರಿಂಗ್ ನಟ್ಟನ್ನು ಮಾತ್ರ ಮೆಕ್ಯಾನಿಕ್ ಎದುರಿಗೇ ಪೂರ್ತಿ ಬಿಗಿಯಿಸಿ. ಅಲ್ಲಿ ಅಂದಾಜು ನಡೆಯದು. ಬಳಿಕ ಒಬ್ಬರು ಕಾರಿನ ಮುಂದೆ, ಒಬ್ಬರು ಹಿಂದೆ ನಿಂತು ದೀಪ ನೋಡಲಿ. ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕು, ಗಡಿಯಾರ ಹಿಡಿದು ಎಣಿಸಿ. ಹಾರ್ನ್ ಒತ್ತಿ ನೋಡಿ, ಅದರ ಸಂಪರ್ಕವೂ ಅಲ್ಲೇ ಹಾದುಹೋಗುತ್ತದೆ. ಖಾಲಿ ಮೈದಾನದಲ್ಲಿ ಎಡಕ್ಕೂ ಬಲಕ್ಕೂ ನಾಲ್ಕಾರು ಸಲ ತಿರುಗಿಸಿ, ಲಿವರ್ ತಾನಾಗಿ ಮರಳುತ್ತದೆಯೇ ಪರೀಕ್ಷಿಸಿ. ಹೊಸ ಸ್ವಿಚ್ಚು ಹಾಕಿದ್ದರೆ ಹಳೆಯದನ್ನು ಗುಜರಿಗೆ ಕೊಡಬೇಡಿ. ಅದರ ಗುಂಡು, ಸ್ಕ್ರೂಗಳು ಮುಂದಿನ ರಿಪೇರಿಗೆ ಬೇಕಾಗುತ್ತವೆ.