ಕನಿಷ್ಠ ವೇತನ: ಸಣ್ಣ ಅಂಗಡಿಗೆ ಪೆಟ್ಟು ಎಲ್ಲಿಂದ?
ರಾಜ್ಯ ಸರ್ಕಾರದ 2025ರ ಏಪ್ರಿಲ್‌ನ ಕರಡು ಅಧಿಸೂಚನೆ ಬೆಂಗಳೂರಿನ ಅಕುಶಲ ಕಾರ್ಮಿಕರಿಗೆ ತಿಂಗಳಿಗೆ ಸುಮಾರು 19,319 ರೂಪಾಯಿ ಕನಿಷ್ಠ ವೇತನ ಸೂಚಿಸಿತು. 26 ದಿನಕ್ಕೆ ಹಂಚಿದರೆ ದಿನಕ್ಕೆ 743 ರೂಪಾಯಿ. ಈ ನಗರದಲ್ಲಿ ಇದು ಐಷಾರಾಮವೇನಲ್ಲ. ಸಣ್ಣ ಉದ್ಯಮಗಳು ಬಾಗಿಲು ಹಾಕಬೇಕಾದೀತು ಎಂದು ಉದ್ಯಮಿಗಳ ಸಂಘಟನೆಗಳು ಆಕ್ಷೇಪಿಸಿದವು. ನಗರದ ಸಿದ್ದಾಪುರ ಬಡಾವಣೆಯ ನರ್ಸರಿ, ದರ್ಶಿನಿ, ಗ್ಯಾರೇಜುಗಳ ಮಟ್ಟಿಗೆ ಈ ಭಯ ಸುಳ್ಳಲ್ಲ. ಇಬ್ಬರು ಮೂವರು ಕೆಲಸಗಾರರಿರುವಲ್ಲಿ ಸಂಬಳ, ಬಾಡಿಗೆಗಳೇ ದೊಡ್ಡ ಖರ್ಚು. ಆದರೆ ಹೊಸ ದರ ಒಂದೇ ಅಂಗಡಿಯ ಮೇಲೆ ಬೀಳುವುದಿಲ್ಲ. ಜಯನಗರ, ವಿಲ್ಸನ್ ಗಾರ್ಡನ್‌ನ ಪೈಪೋಟಿಗಾರರೂ ಅಷ್ಟೇ ಕೊಡಬೇಕಾದಾಗ, ಇಡ್ಲಿಗೆ ಒಂದೆರಡು ರೂಪಾಯಿ ಏರಿಸಿದವರು ಗಿರಾಕಿ ಕಳೆದುಕೊಳ್ಳುವ ಸಂಭವ ಕಡಿಮೆ.

ತಾರತಮ್ಯ ಇರುವುದು ಬೇರೆ ಕಡೆ. ನಿಮಿಷಗಳಲ್ಲೇ ದಿನಸಿ ತಲುಪಿಸುವ ಆ್ಯಪ್ ಕಂಪನಿಗಳು ಡೆಲಿವರಿ ಹುಡುಗರನ್ನು ನೌಕರರೆಂದೇ ಒಪ್ಪುವುದಿಲ್ಲ. ರಾಜ್ಯದ 2025ರ ಗಿಗ್ ಕಾರ್ಮಿಕರ ಕಾಯ್ದೆಯೂ ಈ ಹುಡುಗರಿಗೆ ಸಲ್ಲುವ ಪಾವತಿಯ ಶೇ 1ರಿಂದ 5ರಷ್ಟು ಕ್ಷೇಮನಿಧಿ ಶುಲ್ಕವನ್ನು ಕಂಪನಿಗಳ ಮೇಲೆ ವಿಧಿಸಲು ಅವಕಾಶ ಕೊಟ್ಟಿದೆಯೇ ಹೊರತು ಕನಿಷ್ಠ ವೇತನ ನಿಗದಿ ಮಾಡಿಲ್ಲ. ಕಿರಾಣಿಯವರಿಗೊಂದು ನಿಯಮ, ಅವರ ವ್ಯಾಪಾರ ಕಸಿಯುವವರಿಗೆ ಇನ್ನೊಂದು. ವರ್ತಕರು ವೇತನ ತಡೆಯಿರಿ ಎನ್ನುವ ಬದಲು ಈ ತಾರತಮ್ಯ ಸರಿಪಡಿಸಿ, ಏರಿಕೆಯನ್ನು ಕಂತಿನಲ್ಲಿ ಜಾರಿ ಮಾಡಿ ಎಂದು ಕೇಳಲಿ.