ಗೃಹಸ್ಥರ ಕೈಗೆಲಸ: ಓಟದ ಮೋಟಾರಿನ ಕುಸಿದ ಪೀಠ



ಡೇರೆಯ ನಾಟಕಗಳ ಕಾಲದಲ್ಲಿ ನೆಲ, ಬೆಂಚು, ಕುರ್ಚಿ ಎಂದು ಮೂರು ತರಗತಿಗಳಿರುತ್ತಿದ್ದುವು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಆಡಳಿತದಲ್ಲಿ ನಾಡೆಲ್ಲ ಹೆಸರು ಪಡೆದ ಕಂಪೆನಿಯ ಸೀಮೆಯವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ನೆಲಕ್ಕೆ ಕಾಸು ಕಡಮೆ. ಆದರೆ ಅಲ್ಲಿ ಕುಳಿತವನು ಆಟ ಮುಗಿಯುವವರೆಗೂ ಕತ್ತು ನೀಡುತ್ತಲೇ ಇರಬೇಕು. ಓಟದ ಮೋಟಾರುಗಳನ್ನು ಕಟ್ಟುವವರ ರೀತಿ ಇದಕ್ಕೆ ವಿಪರೀತವಾದುದು. ಅವರು ಕುರ್ಚಿಯ ಹಣವನ್ನು ಪಡೆದು ಗಿರಾಕಿಯನ್ನು ನೆಲದ ಮೇಲೆ ಕೂರಿಸುತ್ತಾರೆ!

ಇದಕ್ಕೆ ಕಾರಣವಿಲ್ಲದಿಲ್ಲ. ಭಾರವು ನೆಲಕ್ಕೆ ಹತ್ತಿರವಾದಷ್ಟೂ ಗಾಡಿಯು ತಿರುವುಗಳಲ್ಲಿ ವಾಲದೆ ದಾರಿಯನ್ನು ಕಚ್ಚಿ ಓಡುತ್ತದೆ; ಎತ್ತರ ತಗ್ಗಿದಷ್ಟೂ ಎದುರುಗಾಳಿಯ ತಡೆಯೂ ತಗ್ಗುತ್ತದೆ. ಧರ್ಮಸ್ಥಳದ ಸಂಗ್ರಹದಲ್ಲಿರುವ ಪುರಾತನ ಮೋಟಾರುಗಳನ್ನು ನೋಡಿದವರು ಬಲ್ಲರು, ಅವುಗಳಲ್ಲಿ ಹತ್ತಿ ಕೂರಬೇಕು. ಓಟದ ಮೋಟಾರಿನಲ್ಲಿಯಾದರೋ ಇಳಿದು ಕೂರಬೇಕು. ಇಪ್ಪತ್ತರ ಹರೆಯದಲ್ಲಿ ಇದೊಂದು ಸೊಗಸು. ಅರುವತ್ತು ದಾಟಿದ ಮೇಲೆ ಇಳಿಯುವುದು ಹೇಗೋ ಆಗುತ್ತದೆ, ಏಳುವುದೇ ಕಷ್ಟ.

ನಮ್ಮ ಸೋದರಮಾವನವರು ತುಮಕೂರಿನಲ್ಲಿ ಇಂಥ ಗಾಡಿಯೊಂದನ್ನು ಬಹುಕಾಲದಿಂದ ಸಾಕಿಕೊಂಡು ಬಂದಿದ್ದಾರೆ. ಅದು ಎಂ.ಜಿ.ಬಿ. ಎಂಬುದು. ಇಂಗ್ಲೆಂಡಿನ ಆಬಿಂಗ್ಡನ್ ಎಂಬ ಊರಿನಲ್ಲಿ 1962ರಿಂದ 1980ರವರೆಗೆ ಈ ಜಾತಿಯ ಗಾಡಿಗಳು ಐದು ಲಕ್ಷಕ್ಕೂ ಮಿಕ್ಕಿ ತಯಾರಾದುವು. ಮಾವನವರದು ಇಬ್ಬರೇ ಕೂರುವ, ಮೇಲ್ಹೊದಿಕೆಯನ್ನು ಮಡಿಸಬಹುದಾದ ಬಗೆ. ಎತ್ತರ ನಾಲ್ಕಡಿಗಿಂತ ಸ್ವಲ್ಪವೇ ಹೆಚ್ಚು. ಹಿಂದಿನ ವರುಷ ಮಾವನವರ ಮಂಡಿಗಳು ಸೋತುವು. ಕ್ಲಚ್ಚು ತುಳಿಯಕೂಡದೆಂದು ವೈದ್ಯರು ಹೇಳಿಬಿಟ್ಟರು. ಗಾಡಿಯನ್ನು ಮಾರಿಬಿಡುವ ಮಾತು ಬಂದಾಗ ಅವರು ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ. ಆದರೆ ಎರಡು ದಿನ ಅವರಿಗೆ ಊಟ ಸೇರಲಿಲ್ಲ. ಇದನ್ನು ಕಂಡು ನಮ್ಮ ಅತ್ತೆಯವರು, "ಮಾರುವುದೇನೂ ಬೇಡ. ನಾನೇ ಓಡಿಸುತ್ತೇನೆ. ದಾರಿ ಕಾಣುವ ಹಾಗೆ ಏನಾದರೂ ಮಾಡಿಕೊಡಪ್ಪ," ಎಂದು ನನಗೆ ಹೇಳಿದರು. ಅತ್ತೆಯವರು ಐದಡಿಗೆ ಒಂದಂಗುಲ ಕಡಮೆ. ನಾನು ಹಿಂದುಮುಂದು ನೋಡದೆ ಒಂದು ಗಟ್ಟಿ ದಿಂಬನ್ನು ತಂದು ಪೀಠದ ಮೇಲಿಟ್ಟೆ. ಈ ಅಂಕಣವನ್ನು ಬರೆಯುವವನು ಮಾಡಿದ ಕೆಲಸವೆಂದರೆ ಇದು!

ಹದಿನೈದು ದಿನ ಎಲ್ಲವೂ ಸರಿಯಾಗಿತ್ತು. ಒಂದು ಭಾನುವಾರ ಮೂವತ್ತೈದು ಕಿಲೋಮೀಟರುಗಳಾಚೆಯ ಕುಣಿಗಲ್ಲಿಗೆ ದಂಪತಿಗಳಿಬ್ಬರೂ ಹೊರಟರು. ಗೂಳೂರು ಕಳೆಯಿತು, ಹೆಬ್ಬೂರು ಕಳೆಯಿತು. ಮುಂದೆ ಒಂದು ರಸ್ತೆಯುಬ್ಬಿನ ಬಳಿ ಆಡುಗಳನ್ನು ಹೊಡೆದುಕೊಂಡು ಹುಡುಗಿಯೊಬ್ಬಳು ಅಡ್ಡ ಬಂದಳು. ಅತ್ತೆಯವರು ಬ್ರೇಕನ್ನು ಒತ್ತಿದರು. ಒತ್ತಿದ ರಭಸಕ್ಕೆ ದಿಂಬು ಮುಂದಕ್ಕೆ ಜಾರಿತು. ದಿಂಬಿನೊಡನೆ ಅವರೂ ಜಾರಿದರು. ಕಾಲು ಬ್ರೇಕಿನಿಂದ ತಪ್ಪಿತು. ಮಾವನವರು ಕೈಬ್ರೇಕನ್ನು ಎಳೆದುದರಿಂದ ಗಾಡಿಯು ಹುಡುಗಿಯಿಂದ ಒಂದು ಮಾರು ದೂರದಲ್ಲಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಅತ್ತೆಯವರು ಮನೆಗೆ ಬಂದು ಬೀಗದ ಕೈಯನ್ನು ನನ್ನ ಮುಂದಿಟ್ಟು, ಮಾತಾಡದೆ ಒಳಕ್ಕೆ ಹೋದರು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಕುಣಿಗಲ್ಲು ಹೈದರ್ ಟಿಪ್ಪುಗಳ ಕಾಲದಿಂದ ಕುದುರೆಗಳಿಗೆ ಹೆಸರಾದ ಊರು. ಅಲ್ಲಿನ ಸವಾರನೊಬ್ಬನನ್ನು ಕೇಳಿದರೂ ತಿಳಿಯುತ್ತಿತ್ತು. ಸವಾರನು ಗಿಡ್ಡನಾದರೆ ಜೀನಿನ ಮೇಲೆ ಕಂಬಳಿಗಳನ್ನು ಒಟ್ಟುವುದಿಲ್ಲ. ರಿಕಾಪನ್ನು ಅವನ ಕಾಲಿಗೆ ಹೊಂದಿಸುತ್ತಾರೆ. ಜೀನು ಕುದುರೆಗೂ ಸವಾರನು ಜೀನಿಗೂ ಅಂಟಿಕೊಂಡಿರಬೇಕು. ನಡುವೆ ಸಡಿಲವಾದ ಪದಾರ್ಥವೊಂದು ಬಂದರೆ ಮೂರೂ ಬೇರೆ ಬೇರೆ. ದಿಂಬಿನ ದೋಷವೂ ಇದೇ. ಅದು ಜಾರುವುದಲ್ಲದೆ, ಸೊಂಟದ ಎಲುಬಿನ ಮೇಲಿರಬೇಕಾದ ರಕ್ಷಣೆಯ ಪಟ್ಟಿಯನ್ನು ಹೊಟ್ಟೆಯ ಮೇಲಕ್ಕೆ ತರುತ್ತದೆ. ಅಪಘಾತದಲ್ಲಿ ದೇಹವು ಪಟ್ಟಿಯ ಕೆಳಗೆ ನುಸುಳಿಹೋಗುವ ಸಂಭವವುಂಟು. ಆದುದರಿಂದ ಓಡುವ ಗಾಡಿಯಲ್ಲಿ ದಿಂಬನ್ನು ಇಡಲೇಕೂಡದು.

ಮಾರನೆಯ ದಿನ ಅಳತೆಯ ಪಟ್ಟಿಯನ್ನು ಹಿಡಿದುಕೊಂಡು ಕುಳಿತೆ. ಆಗ ಒಂದು ಸಂಗತಿ ಹೊಳೆಯಿತು. ಓಡಿಸುವವರ ಪೀಠವು ಪಕ್ಕದ ಪೀಠಕ್ಕಿಂತ ಪೂರಾ ಎರಡಂಗುಲ ತಗ್ಗಿನಲ್ಲಿತ್ತು! ಕಾರ್ಖಾನೆಯಿಂದ ಎರಡೂ ಒಂದೇ ಎತ್ತರದಲ್ಲಿ ಬಂದುವಲ್ಲವೆ? ನಾವು ಎತ್ತಬೇಕೆಂದು ಹೊರಟದ್ದು ತಗ್ಗಾದ ಪೀಠವನ್ನಲ್ಲ, ಕುಸಿದ ಪೀಠವನ್ನು. ವಾಚಕರು ನೆನಪಿಡತಕ್ಕ ಮುಖ್ಯವಾದ ಮಾತು ಇದೊಂದೇ: ಹಳೆಯ ಗಾಡಿಯ ಪೀಠವನ್ನು ಎತ್ತುವ ಮೊದಲು ಅದು ಎಷ್ಟು ಕುಸಿದಿದೆ, ಏಕೆ ಕುಸಿದಿದೆ ಎಂಬುದನ್ನು ನೋಡಬೇಕು.

ಪೀಠವನ್ನು ಕಳಚುವುದು ಕಷ್ಟವಲ್ಲ. ಅದು ಎರಡು ಹಳಿಗಳ ಮೇಲೆ ಹಿಂದಕ್ಕೂ ಮುಂದಕ್ಕೂ ಸರಿಯುತ್ತದೆ. ಹಿಂದಕ್ಕೆ ತಳ್ಳಿದರೆ ಮುಂದಿನ ಬೋಲ್ಟುಗಳೂ, ಮುಂದಕ್ಕೆ ಎಳೆದರೆ ಹಿಂದಿನ ಬೋಲ್ಟುಗಳೂ ಕೈಗೆ ಸಿಕ್ಕುತ್ತವೆ. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತೆಳುವಾದ ಎಣ್ಣೆಯನ್ನು ಬಿಟ್ಟಿರಬೇಕು, ಸುತ್ತಿಗೆಯಿಂದ ಬಡಿಯಕೂಡದು. ಪೀಠವನ್ನು ಹೊರಗೆ ತೆಗೆದ ಮೇಲೆ ಕಂಬಳಿಯನ್ನು ಎತ್ತಿ ಗಾಡಿಯ ನೆಲವನ್ನು ಪರೀಕ್ಷಿಸಬೇಕು. ಮಡಿಸುವ ಹೊದಿಕೆಯ ಗಾಡಿಗಳಲ್ಲಿ ಮಳೆಯ ನೀರು ಒಳಕ್ಕೆ ಸೋರಿ, ಕಂಬಳಿಯ ಕೆಳಗೆ ನಿಂತು, ತಗಡನ್ನು ತಿನ್ನುತ್ತದೆ. ತಿರುಪುಳಿಯ ತುದಿಯಿಂದ ಒತ್ತಿದಾಗ ತಗಡು ಬಗ್ಗಿದರೆ ಮೊದಲು ಬೆಸುಗೆಯವರನ್ನು ಕರೆಯಿಸಿ. ಪೀಠದ ವಿಚಾರ ಆಮೇಲೆ. ಎಂ.ಜಿ.ಬಿ. ಗಾಡಿಯ ಹಳಿಗಳ ಕೆಳಗೆ ಕಾರ್ಖಾನೆಯವರೇ ಮರದ ಪಟ್ಟಿಗಳನ್ನು ಇಟ್ಟಿರುತ್ತಿದ್ದರು. ನಮ್ಮ ಗಾಡಿಯಲ್ಲಿ ಅವು ತೇವಕ್ಕೆ ಕೊಳೆತು ಹುಡಿಯಾಗಿದ್ದುವು. ಕುಸಿತದಲ್ಲಿ ಅವುಗಳ ಪಾಲೂ ಇತ್ತು.

ಪೀಠವನ್ನು ಬೋರಲು ಹಾಕಿದಾಗ ಮಿಕ್ಕ ಗುಟ್ಟೂ ಹೊರಬಿತ್ತು. ಬಹು ಹಳೆಯ ಮೋಟಾರುಗಳ ಪೀಠದಲ್ಲಿ ಉಕ್ಕಿನ ಸ್ಪ್ರಿಂಗುಗಳೂ ಅವುಗಳ ಮೇಲೆ ಕುದುರೆಯ ಕೂದಲೂ ಇರುತ್ತಿದ್ದುವು. ಎಂ.ಜಿ.ಬಿ.ಯಂಥ ಗಾಡಿಗಳ ಕಾಲಕ್ಕೆ ಸ್ಪ್ರಿಂಗಿನ ಬದಲು ರಬ್ಬರಿನ ಪಟ್ಟಿಗಳನ್ನು ಚೌಕಟ್ಟಿಗೆ ಬಿಗಿದು, ಮೇಲೆ ರಬ್ಬರಿನ ಮೆತ್ತೆಯನ್ನು ಇಡತೊಡಗಿದರು. ರಬ್ಬರಿಗೆ ನಮ್ಮ ಬಿಸಿಲು ಶತ್ರು. ಅದು ಮೊದಲು ಸಡಿಲವಾಗುತ್ತದೆ, ಬಳಿಕ ಬಿರಿಯುತ್ತದೆ, ಕಡೆಗೆ ಹರಿಯುತ್ತದೆ. ನಮ್ಮ ಪೀಠದ ಪಟ್ಟಿಗಳು ಹಳೆಯ ಮಂಚದ ನವಾರಿನಂತೆ ಜೋತು ಬಿದ್ದಿದ್ದುವು. ಮೆತ್ತೆಯು ಹಿಟ್ಟಿನಂತೆ ಉದುರುತ್ತಿತ್ತು. ಇದರ ಮೇಲೆ ಎಷ್ಟು ದಿಂಬು ಒಟ್ಟಿದರೇನು?

ಪಟ್ಟಿಗಳನ್ನು ಹೊಸದಾಗಿ ಹಾಕಿಸಿದೆವು. ಅವುಗಳನ್ನು ಒಂದೇ ಸಮನಾಗಿ ಎಳೆದು ಬಿಗಿಯಬೇಕು. ಒಂದು ಬಿಗಿ ಒಂದು ಸಡಿಲವಾದರೆ ಕುಳಿತವರ ಸೊಂಟ ಓರೆಯಾಗುತ್ತದೆ. ಮೆತ್ತೆಗೆ ಕುಶನ್ನಿನ ಅಂಗಡಿಯವರು ಸ್ಪಂಜನ್ನು ತೋರಿಸಿದರು. ಸ್ಪಂಜನ್ನು ಕೊಳ್ಳುವಾಗ ಕೈಗೆ ಮೆತ್ತಗಿರುವುದನ್ನು ಕಂಡು ಮೋಸಹೋಗಬಾರದು, ಸಾಂದ್ರತೆಯನ್ನು ಕೇಳಬೇಕು. ನಲವತ್ತರ ಸಾಂದ್ರತೆಯೆಂದರೆ ಒಂದು ಘನಮೀಟರಿಗೆ ನಲವತ್ತು ಕಿಲೋಗ್ರಾಂ ತೂಕ. ಅದಕ್ಕಿಂತ ಹಗುರವಾದುದು ಬೇಗ ಕುಸಿಯುತ್ತದೆ. ಕೆಳಗೆ ಗಟ್ಟಿಯ ಪದರ, ಮೇಲೆ ತೆಳುವಾಗಿ ಮೆದುವಾದ ಪದರ ಎಂಬುದು ಕ್ರಮ.

ಕೆಳಗಿನ ಗಟ್ಟಿಯ ಪದರಕ್ಕೆ ನಾವು ಆರಿಸಿದ್ದು ರಬ್ಬರಿನ ಹಾಲನ್ನು ಸಿಂಪಡಿಸಿ ಒತ್ತಿದ ತೆಂಗಿನ ನಾರು. ಇದನ್ನು ಕೀಳಾದ ಪದಾರ್ಥವೆಂದು ಯಾರೂ ಎಣಿಸಬೇಕಾದುದಿಲ್ಲ. ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಗಾಡಿಯ ಪೀಠಗಳಲ್ಲಿಯೂ ತೆಂಗಿನ ನಾರಿನ ಮೆತ್ತೆಗಳಿದ್ದುವು. ನಾರಿನ ಮೆತ್ತೆಯೊಳಗೆ ಗಾಳಿಯಾಡುತ್ತದೆ. ಬೇಸಗೆಯಲ್ಲಿ ಬೆನ್ನು ಬೇಯುವುದಿಲ್ಲ. ಗುಬ್ಬಿಯ ತೋಟಗಳ ನಡುವೆ ಹುಟ್ಟಿ ಬೆಳೆದ ಅತ್ತೆಯವರಿಗೆ ಇದು ತವರಿನ ಉಡುಗೊರೆಯಂತೆ ಕಂಡಿತು.

ಇಷ್ಟು ಮಾಡಿದ ಮೇಲೆ ಎರಡಂಗುಲ ಹಿಂದಿರುಗಿ ಬಂದಿತು. ಇನ್ನೆಷ್ಟು ಬೇಕೆಂಬುದನ್ನು ನಿಂತ ಗಾಡಿಯಲ್ಲಿ ಹಳೆಯ ವೃತ್ತಪತ್ರಿಕೆಗಳನ್ನು ಒಂದೊಂದಾಗಿ ಪೀಠದ ಮೇಲಿಟ್ಟು ಅಳೆದೆವು. ಚಕ್ರದ ಮೇಲಂಚಿನ ಮೇಲಿನಿಂದ ದಾರಿ ಕಾಣಬೇಕು, ಕಡ್ಡಿಗಳ ಸಂದಿನಿಂದಲ್ಲ. ತೊಡೆಗೂ ಚಕ್ರಕ್ಕೂ ನಡುವೆ ಅಂಗೈ ಆಡಬೇಕು. ಹೊದಿಕೆಯನ್ನು ಮುಚ್ಚಿದಾಗ ತಲೆಗೂ ಅದಕ್ಕೂ ಒಂದು ಮುಷ್ಟಿಯ ಅಂತರವಿರಬೇಕು. ಕ್ಲಚ್ಚನ್ನು ಪೂರ್ತಿಯಾಗಿ ತುಳಿದಾಗಲೂ ಮಂಡಿ ಸ್ವಲ್ಪ ಮಡಿಸಿಯೇ ಇರಬೇಕು. ಹೀಗೆ ನೋಡಿದಾಗ ಬೇಕಾಗಿದ್ದುದು ಮುಕ್ಕಾಲು ಅಂಗುಲ ಮಾತ್ರ.

ಈ ಮುಕ್ಕಾಲಂಗುಲಕ್ಕೆ, ಕೊಳೆತ ಮರದ ಪಟ್ಟಿಗಳ ಜಾಗದಲ್ಲಿ ಅವುಗಳಿಗಿಂತ ಅಷ್ಟೇ ದಪ್ಪವಾದ ಉಕ್ಕಿನ ಪಟ್ಟಿಗಳನ್ನು ಹಳಿಯ ಉದ್ದಕ್ಕೂ ಕೊಟ್ಟೆವು. ವಾಷರುಗಳನ್ನು ಗೋಪುರದಂತೆ ಪೇರಿಸುವುದು ಅಪಾಯ. ಗಾಡಿ ಕುಲುಕಿದಂತೆ ಬೋಲ್ಟು ಬಾಗುತ್ತದೆ. ಪಟ್ಟಿ ಎಷ್ಟು ದಪ್ಪವಾಯಿತೋ ಬೋಲ್ಟೂ ಅಷ್ಟೇ ಉದ್ದವಾಗಬೇಕು. ಬೋಲ್ಟಿನ ದಪ್ಪದಷ್ಟಾದರೂ ತಿರುಪು ನಟ್ಟಿನೊಳಗೆ ಹಿಡಿದಿರಬೇಕು. ಇನ್ನೊಂದು ಎಚ್ಚರಿಕೆ: ಆ ಕಾಲದ ಇಂಗ್ಲಿಷ್ ಗಾಡಿಗಳ ಬೋಲ್ಟುಗಳು ಅಂಗುಲದ ಲೆಕ್ಕದವು. 5/16 ಅಂಗುಲವೆಂದರೆ 7.94 ಮಿಲಿಮೀಟರು. ಅಂಗಡಿಯಲ್ಲಿ ಸಿಕ್ಕುವ 8 ಮಿಲಿಮೀಟರಿನ ಬೋಲ್ಟು ಕಣ್ಣಿಗೆ ಅದೇ ಎಂದು ತೋರುತ್ತದೆ, ಎರಡು ಸುತ್ತು ಒಳಕ್ಕೂ ಹೋಗುತ್ತದೆ. ಆದರೆ ತಿರುಪಿನ ಹೆಜ್ಜೆ ಬೇರೆಯಾದುದರಿಂದ ಬಲವಂತ ಮಾಡಿದರೆ ನಟ್ಟು ಕೆಡುತ್ತದೆ. ಹಳೆಯ ಬೋಲ್ಟನ್ನು ಮಾದರಿಗೆ ಒಯ್ಯುವುದೇ ಲೇಸು. ಎಲ್ಲವನ್ನೂ ಬಿಗಿದ ಮೇಲೆ ಪೀಠವನ್ನು ಹಿಡಿದು ಜಗ್ಗಿ ನೋಡಬೇಕು; ಹಳಿಯ ಕೀಲು ಟಕ್ಕೆಂದು ಕಚ್ಚುವುದೋ ಎಂದು ನೋಡಬೇಕು; ರಕ್ಷಣೆಯ ಪಟ್ಟಿ ಸೊಂಟದ ಎಲುಬಿನ ಮೇಲೆಯೇ ಬರುವುದೋ ಎಂದು ನೋಡಬೇಕು.

1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿಯ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟ ವಿವರಗಳಿಗೆ ಹೊಂದದಿರುವಂತೆ ಗಾಡಿಯನ್ನು ಮಾರ್ಪಡಿಸಕೂಡದು. ಆದುದರಿಂದ ಇದ್ದ ಪೀಠವನ್ನು ಸರಿಪಡಿಸಬಹುದೇ ಹೊರತು ಇಬ್ಬರ ಗಾಡಿಗೆ ಮೂರನೆಯ ಪೀಠವನ್ನು ಸೇರಿಸಬಾರದು. ಪೀಠದೊಳಗೆ ಗಾಳಿಚೀಲವೂ ವಿದ್ಯುತ್ತಿನ ತಂತಿಗಳೂ ಇರುವ ಇತ್ತೀಚಿನ ಗಾಡಿಗಳಲ್ಲಿ ಈ ಕೆಲಸಕ್ಕೆ ಮನೆಯಲ್ಲಿ ಕೈಹಾಕಲೇಬಾರದು.

ಕೆಲಸವೆಲ್ಲ ಮುಗಿದ ಮೇಲೆ ಬೀಗದ ಕೈಯನ್ನು ಅತ್ತೆಯವರ ಮುಂದಿಟ್ಟೆ. ಅವರು ಕೂಡಲೇ ತೆಗೆದುಕೊಳ್ಳಲಿಲ್ಲ. ಗಾಡಿಯ ಬಳಿಗೆ ಬಂದು ಕುಳಿತರು, ಚಕ್ರವನ್ನು ಹಿಡಿದರು, ನಿಂತಲ್ಲಿಯೇ ಬ್ರೇಕನ್ನು ನಾಲ್ಕು ಸಲ ಬಲವಾಗಿ ಒತ್ತಿ ನೋಡಿದರು. ಪೀಠ ಅಲುಗಲಿಲ್ಲ, ಅವರೂ ಅಲುಗಲಿಲ್ಲ. "ಈಗ ಅಂಗಳದ ತುಳಸಿಕಟ್ಟೆ ಬುಡದವರೆಗೂ ಕಾಣುತ್ತೆ ಕಣಪ್ಪ," ಎಂದರು. ಮಾವನವರು ಮಾತಿಲ್ಲದೆ ಪಕ್ಕದಲ್ಲಿ ಇಳಿದು ಕುಳಿತರು. ಅವರಿಗೆ ಏಳುವಾಗ ಕೈಕೊಟ್ಟು ಎಬ್ಬಿಸಬೇಕಾಗುತ್ತದೆ. ಅದಕ್ಕೆ ಅವರ ಪೀಠವನ್ನೂ ಬರುವ ತಿಂಗಳು ಬಿಚ್ಚತಕ್ಕದ್ದಿದೆ. ಈಗ ಭಾನುವಾರಗಳಲ್ಲಿ ಕುಣಿಗಲ್ಲಿನ ಕೆರೆಯ ಏರಿಯವರೆಗೆ ಇಬ್ಬರೂ ಹೋಗಿಬರುತ್ತಿದ್ದಾರೆ. ಹೆಬ್ಬೂರು ದಾಟಿದ ಮೇಲೆ ಆ ಉಬ್ಬಿನ ಬಳಿ ಆಡುಗಳಿರಲಿ, ಇಲ್ಲದಿರಲಿ, ಅತ್ತೆಯವರು ಗಾಡಿಯನ್ನು ಪೂರ್ತಿಯಾಗಿ ನಿಲ್ಲಿಸಿಯೇ ಮುಂದಕ್ಕೆ ಹೋಗುತ್ತಾರಂತೆ.