ಮೊದಲ ಮೂರು ತಿಂಗಳು ಕೈತಪ್ಪದಿರಲಿ

2024ರ ನವೆಂಬರ್‌ನಲ್ಲಿ ಬಳ್ಳಾರಿಯ ಬಾಣಂತಿಯರ ಸಾವಿನ ನಂತರ ಸರ್ಕಾರ ತಾಯಂದಿರ ಮರಣದ ಪರಿಶೋಧನೆಗೆ ಮುಂದಾದದ್ದು ಸರಿ. ಆದರೆ ನೋಟ ಹೆರಿಗೆ ಕೋಣೆಗಷ್ಟೇ ಸೀಮಿತವಾಗಬಾರದು. ಗರ್ಭಿಣಿಯ ರಕ್ತದೊತ್ತಡ ಏರಿಸಿ ಜೀವಕ್ಕೇ ಎರವಾಗಬಲ್ಲ ಪ್ರಿಎಕ್ಲಾಂಪ್ಸಿಯಾ ಕಾಯಿಲೆಯ ಬೇರು ಹಲವೊಮ್ಮೆ ಮೊದಲ ತಿಂಗಳುಗಳಲ್ಲೇ ಇರುತ್ತದೆ. ಮಾಸುವಿನ ಜೀವಕೋಶಗಳು ಗರ್ಭಕೋಶದ ರಕ್ಷಣಾ ಕೋಶಗಳೊಡನೆ ರಾಸಾಯನಿಕ ಸಂಕೇತ ವಿನಿಮಯ ಮಾಡಿಕೊಂಡು ಅಲ್ಲಿನ ರಕ್ತನಾಳಗಳನ್ನು ಹಿಗ್ಗಿಸಬೇಕು. ಆ ಸಂವಹನ ಕುಂಠಿತವಾದರೆ ನಾಳಗಳು ಕಿರಿದಾಗಿಯೇ ಉಳಿದು, ಮುಂದೆ ಈ ಕಾಯಿಲೆಗೆ ದಾರಿಯಾಗಬಹುದು. ಅಪಾಯವಿರುವವರಿಗೆ ವೈದ್ಯರು 16 ವಾರದೊಳಗೆ ಅಲ್ಪ ಪ್ರಮಾಣದ ಆಸ್ಪಿರಿನ್ ಆರಂಭಿಸಿದರೆ, ಅವಧಿಗೆ ಮುನ್ನ ಕಾಣಿಸುವ ಪ್ರಕರಣಗಳು ಅರ್ಧಕ್ಕಿಂತ ಹೆಚ್ಚು ತಗ್ಗುತ್ತವೆ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಗಳಿಂದ ಗುಳೆ ಹೋಗುವ ಕುಟುಂಬಗಳ ಗರ್ಭಿಣಿಯರಿಗೆ ಈ ಮೊದಲ ತಿಂಗಳುಗಳ ಅವಕಾಶ ಸುಲಭವಾಗಿ ಕೈತಪ್ಪುತ್ತದೆ. ಈ ನಾಲ್ಕೂ ತಾಲ್ಲೂಕುಗಳಲ್ಲಿ 12 ವಾರದೊಳಗೆ ನೋಂದಣಿ, ರಕ್ತದೊತ್ತಡ ತಪಾಸಣೆ, ಅಪಾಯದ ಅಂದಾಜು ಖಾತರಿಯಾಗಲೇಬೇಕು. ತಾಯಿ ಕಾರ್ಡ್‌ಗೆ ಗುಳೆ ಹೋದ ಊರಲ್ಲೂ ಮನ್ನಣೆ ಸಿಗಬೇಕು.